ಹವ್ಯಾಸ ಪತ್ರಿಕೆಗಳ ಹೊಸ ಹಾದಿ

ಮನುಷ್ಯನಿಗೆ ಹೊಟ್ಟೆಪಾಡಿನ ಕಸುಬು ಒಂದಾದರೆ, ಮನಸ್ಸು ಮೆಚ್ಚಿ ಕೈಗೊಳ್ಳುವ ಹವ್ಯಾಸ ಇನ್ನೊಂದು. ಅಂಚೆಚೀಟಿಗಳನ್ನು ಸಂಗ್ರಹಿಸುವವರು, ದೂರದರ್ಶಕದಿಂದ ಆಕಾಶವನ್ನು ನೋಡುವವರು, ರೇಡಿಯೋ ಯಂತ್ರವನ್ನು ತಾವೇ ಜೋಡಿಸುವವರು ಎಷ್ಟೋ ದೇಶಗಳಲ್ಲಿದ್ದಾರೆ. ಆದರೆ ಒಂದೇ ಊರಿನಲ್ಲಿ ಒಂದೇ ಹವ್ಯಾಸದ ಹತ್ತು ಮಂದಿ ದೊರೆಯುವುದು ಅಪರೂಪ. ಹೀಗೆ ಚದುರಿಹೋದವರನ್ನು ಒಂದುಗೂಡಿಸಿ, ಒಬ್ಬನ ಅನುಭವವನ್ನು ಮತ್ತೊಬ್ಬನಿಗೆ ಮುಟ್ಟಿಸಿದ ಸಾಧನವೇ ಹವ್ಯಾಸ ಪತ್ರಿಕೆ. ಬಹುಕಾಲ ಕಾಗದದ ಮೇಲೆ ಅಚ್ಚಾಗಿ ಅಂಚೆಯ ಮೂಲಕ ಮನೆಗಳನ್ನು ತಲುಪುತ್ತಿದ್ದ ಈ ಪತ್ರಿಕೆಗಳಲ್ಲಿ ಅನೇಕವು ಈಗ ಗಣಕಯಂತ್ರದ ತೆರೆಯ ಮೇಲೆ ಪ್ರಕಟವಾಗುತ್ತಿವೆ. ಈ ಬದಲಾವಣೆಯಿಂದ ದೊರೆತದ್ದೇನು, ಕೈತಪ್ಪಬಹುದಾದದ್ದೇನು ಎಂಬುದನ್ನು ಒಂದು ಪತ್ರಿಕೆಯ ಕಥೆಯಿಂದ ತಿಳಿಯಬಹುದು.

ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬ ಇಂಜಿನಿಯರು ಇದ್ದರು. ರೇಡಿಯೋ ಅವರ ಹವ್ಯಾಸವಾಗಿತ್ತು. ಅಂದಿನ ಹವ್ಯಾಸಿಗಳ ಯಂತ್ರಗಳ ಸಂದೇಶವು ಬಹುದೂರ ಹೋಗುತ್ತಿರಲಿಲ್ಲ. ಒಬ್ಬನು ಕಳುಹಿಸಿದ್ದನ್ನು ನಡುವಿನ ಊರಿನವನು ಪಡೆದು ಮುಂದಕ್ಕೆ ದಾಟಿಸಿದರೆ ದೂರದ ಊರನ್ನೂ ಮುಟ್ಟಬಹುದೆಂದು ಮ್ಯಾಕ್ಸಿಮರಿಗೆ ಹೊಳೆಯಿತು. ಇದಕ್ಕಾಗಿ 1914ರಲ್ಲಿ ಅಮೆರಿಕನ್ ರೇಡಿಯೋ ರಿಲೇ ಲೀಗ್ ಎಂಬ ಸಂಘವು ಹುಟ್ಟಿತು. 1915ರ ಡಿಸೆಂಬರಿನಲ್ಲಿ ‘ಕ್ಯೂಎಸ್‌ಟಿ’ ಎಂಬ ಪತ್ರಿಕೆಯು ಹೊರಬಂದಿತು. ಹವ್ಯಾಸಿಗಳ ಸಂಕೇತಭಾಷೆಯಲ್ಲಿ ಈ ಮೂರು ಅಕ್ಷರಗಳಿಗೆ ‘ಎಲ್ಲರಿಗೂ ಕರೆ’ ಎಂದು ಅರ್ಥ. ಮೊದಲನೆಯ ಮಹಾಯುದ್ಧದ ಕಾರಣದಿಂದ 1917ರಲ್ಲಿ ನಿಂತುಹೋದ ಪತ್ರಿಕೆಯು 1919ರಲ್ಲಿ ಮತ್ತೆ ತಲೆಯೆತ್ತಿತು.

ಇಂಥ ಪತ್ರಿಕೆಗಳು ಬರಿಯ ಕಾಲಹರಣದ ಓದಲ್ಲ. ಯಾವ ತಂತಿಯನ್ನು ಎಲ್ಲಿಗೆ ಜೋಡಿಸಬೇಕೆಂಬ ನಕ್ಷೆ, ಬೇಕಾದ ಸಾಮಗ್ರಿಗಳ ಪಟ್ಟಿ, ಓದುಗರ ಪ್ರಶ್ನೆ, ಬಲ್ಲವರ ಉತ್ತರ, ಬಿಡಿಭಾಗಗಳನ್ನು ಮಾರುವವರ ಜಾಹೀರಾತು ಇವೆಲ್ಲವೂ ಅಲ್ಲಿರುತ್ತಿದ್ದವು. ಅದರ ಪ್ರಭಾವವೆಷ್ಟೆಂಬುದಕ್ಕೆ ಒಂದು ನಿದರ್ಶನವನ್ನು ನೋಡಬಹುದು. ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಎಂಬ ಹವ್ಯಾಸ ಪತ್ರಿಕೆಯ 1975ರ ಜನವರಿ ಸಂಚಿಕೆಯ ಮುಖಪುಟದಲ್ಲಿ, ಮನೆಯಲ್ಲಿಯೇ ಜೋಡಿಸಿಕೊಳ್ಳಬಹುದಾದ ‘ಆಲ್ಟೇರ್ 8800’ ಎಂಬ ಗಣಕಯಂತ್ರದ ಚಿತ್ರವಿತ್ತು. ಪತ್ರಿಕೆಯ ಅಂಗಡಿಯಲ್ಲಿ ಅದನ್ನು ಕಂಡ ಪಾಲ್ ಆ್ಯಲನ್ ಎಂಬ ತರುಣನು ಗೆಳೆಯ ಬಿಲ್ ಗೇಟ್ಸ್‌ಗೆ ತೋರಿಸಿದನು. ಆ ಯಂತ್ರಕ್ಕಾಗಿ ಅವರು ಬರೆದ ಕ್ರಮವಿಧಿಯಿಂದಲೇ ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆಯ ಆರಂಭವಾಯಿತು. ಮುಂದೆ ಪತ್ರಿಕೆಗಳನ್ನು ಕಾಗದದಿಂದ ತೆರೆಗೆ ಕರೆದೊಯ್ದ ಯಂತ್ರವು ಜನರ ಮನೆಗಳನ್ನು ಸೇರಲು ಒಂದು ಕಾಗದದ ಪತ್ರಿಕೆಯೇ ದಾರಿ ತೋರಿದ್ದು ಗಮನಿಸತಕ್ಕ ಸಂಗತಿ.

ಹಾಗಾದರೆ ಪತ್ರಿಕೆಗಳು ಕಾಗದವನ್ನು ಬಿಡಲು ಕಾರಣವೇನು? ಅಚ್ಚಿನ ಪತ್ರಿಕೆಯಲ್ಲಿ ಪ್ರತಿಯೊಂದು ಪ್ರತಿಗೂ ಕಾಗದ, ಶಾಯಿ, ಹೊಲಿಗೆ, ಅಂಚೆಗಳ ವೆಚ್ಚ ತಗಲುತ್ತದೆ. ಹವ್ಯಾಸ ಪತ್ರಿಕೆಗೆ ಓದುಗರು ಕಡಿಮೆ; ಇದ್ದವರೂ ದೂರದೂರದಲ್ಲಿರುತ್ತಾರೆ. ಅದನ್ನು ಬಹುಮಟ್ಟಿಗೆ ಪೋಷಿಸುತ್ತಿದ್ದ ಜಾಹೀರಾತುಗಳೂ ಅಂತರಜಾಲದ ಕಡೆಗೆ ಹೊರಳಿದವು. ಅಂಕೀಯ ಪತ್ರಿಕೆಯಲ್ಲಿ ಮೊದಲನೆಯ ಪ್ರತಿಯನ್ನು ಸಿದ್ಧಪಡಿಸಲು ಖರ್ಚಾಗುವುದೇ ಹೊರತು, ನಂತರದ ಪ್ರತಿಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಆದರೂ ಲೇಖನವನ್ನು ತಿದ್ದುವ ಸಂಪಾದಕ, ನಕ್ಷೆಯನ್ನು ಬರೆಯುವ ಕಲಾವಿದ, ಯಂತ್ರವನ್ನು ಪರೀಕ್ಷಿಸಿ ನೋಡುವ ತಜ್ಞ ಇವರ ದುಡಿಮೆಯು ಹಿಂದಿನಷ್ಟೇ ಅಗತ್ಯ. ಆದುದರಿಂದ ಅಂಕೀಯ ಪತ್ರಿಕೆಯನ್ನು ಪುಕ್ಕಟೆಯಾಗಿ ಹೊರತರಬಹುದೆಂದು ಭಾವಿಸುವುದು ತಪ್ಪು.

1993ರಲ್ಲಿ ಅಡೋಬಿ ಸಂಸ್ಥೆಯು ಪಿಡಿಎಫ್ ಎಂಬ ವಿಧಾನವನ್ನು ಬಳಕೆಗೆ ತಂದಿತು. ಇದರಲ್ಲಿ ಅಕ್ಷರ, ಚಿತ್ರ, ನಕ್ಷೆಗಳು ಅಚ್ಚಿನ ಪುಟದಲ್ಲಿದ್ದ ಸ್ಥಾನದಲ್ಲಿಯೇ ತೆರೆಯ ಮೇಲೂ ಕಾಣುತ್ತವೆ. ಕ್ಯೂಎಸ್‌ಟಿ ಪತ್ರಿಕೆಯು 2012ರಲ್ಲಿ ಅಚ್ಚಿನ ಜೊತೆಗೆ ಅಂಕೀಯ ಆವೃತ್ತಿಯನ್ನೂ ಆರಂಭಿಸಿತು. 1915ರಿಂದ ಮೊದಲ್ಗೊಂಡು ಹಳೆಯ ಸಂಚಿಕೆಗಳನ್ನು ಸದಸ್ಯರು ತೆರೆಯ ಮೇಲೆ ಓದಬಹುದಾಯಿತು. 2024ರಿಂದ ಅಂಕೀಯ ಆವೃತ್ತಿಯು ಸದಸ್ಯತ್ವದೊಡನೆ ಬರುತ್ತದೆ. ಅಚ್ಚಿನ ಪ್ರತಿ ಬೇಕೆಂಬವರು ಹೆಚ್ಚಿನ ಹಣವನ್ನು ಕೊಡಬೇಕು. ಒಂದು ಕಾಲಕ್ಕೆ ಕಾಗದವೇ ಪತ್ರಿಕೆಯಾಗಿತ್ತು. ಈಗ ಅದು ಪತ್ರಿಕೆಯ ಒಂದು ರೂಪ ಮಾತ್ರ.

ಇದರಿಂದಾದ ಲಾಭ ಸಣ್ಣದಲ್ಲ. ದಶಕಗಳ ಸಂಚಿಕೆಗಳಲ್ಲಿ ಬೇಕಾದ ಮಾತನ್ನು ಕ್ಷಣದಲ್ಲಿ ಹುಡುಕಬಹುದು. ‘73’ ಎಂಬ ಹೆಸರಿನ ಇನ್ನೊಂದು ರೇಡಿಯೋ ಪತ್ರಿಕೆಯು 1960ರಲ್ಲಿ ಹುಟ್ಟಿ 2003ರಲ್ಲಿ ನಿಂತುಹೋಯಿತು. ಅದರ ಸಂಚಿಕೆಗಳನ್ನು ‘ಇಂಟರ್‌ನೆಟ್ ಆರ್ಕೈವ್’ ಎಂಬ ಸಂಗ್ರಹಾಲಯದಲ್ಲಿ ಇಂದು ಯಾರಾದರೂ ಹಣ ಕೊಡದೆ ಓದಬಹುದು. ಪತ್ರಿಕೆ ಅಳಿದರೂ ಅದರ ವಿದ್ಯೆ ಅಳಿಯಲಿಲ್ಲ. ಆದರೆ ಹಳೆಯ ಪುಟಗಳನ್ನು ಹೀಗೆ ಮಾರ್ಪಡಿಸುವಾಗ ಎಚ್ಚರವೂ ಬೇಕು. ಪುಟದ ಚಿತ್ರವನ್ನು ತೆಗೆದು, ಅದರೊಳಗಿನ ಅಕ್ಷರಗಳನ್ನು ಯಂತ್ರವೇ ಗುರುತಿಸುತ್ತದೆ. ಮಾಸಿದ ಪುಟದಲ್ಲಿ ಒಂದು ದಶಮಾಂಶ ಬಿಂದು ತಪ್ಪಿದರೆ 4.7 ಎಂಬ ಅಳತೆ 47 ಆಗುತ್ತದೆ. ಅದನ್ನು ನಂಬಿ ಕಟ್ಟಿದ ಯಂತ್ರ ಕೆಲಸ ಮಾಡುವುದಿಲ್ಲ. ಆದ್ದರಿಂದ ಮೂಲ ಪುಟದ ಚಿತ್ರವನ್ನೂ ಜೊತೆಯಲ್ಲಿಯೇ ಕಾಪಾಡುವುದು ವಿವೇಕ.

ಇನ್ನೂ ದೊಡ್ಡ ಪ್ರಶ್ನೆಯೊಂದಿದೆ. ಕಾಗದದ ಸಂಚಿಕೆಯನ್ನು ಕೊಂಡವನು ಅದರ ಒಡೆಯನಾಗುತ್ತಿದ್ದನು. ಓದಿದ ಮೇಲೆ ನೆರೆಮನೆಯ ಹುಡುಗನಿಗೆ ಕೊಡಬಹುದಾಗಿತ್ತು. ಗ್ರಂಥಾಲಯಕ್ಕೆ ದಾನ ಮಾಡಬಹುದಾಗಿತ್ತು. ಪ್ರಕಾಶಕನು ಬಾಗಿಲು ಮುಚ್ಚಿದರೂ ಕಪಾಟಿನ ಪ್ರತಿ ಮಾಯವಾಗುತ್ತಿರಲಿಲ್ಲ. ಅಂಕೀಯ ಪತ್ರಿಕೆಯಲ್ಲಿ ಅನೇಕ ವೇಳೆ ನಮಗೆ ದೊರೆಯುವುದು ಓದುವ ಅನುಮತಿ ಮಾತ್ರ. ಚಂದಾ ಮುಗಿದರೆ ಅನುಮತಿಯೂ ಮುಗಿಯುತ್ತದೆ. ರೂಪವನ್ನು ಬದಲಿಸಿದ ಮಾತ್ರಕ್ಕೆ ಆಯುಷ್ಯ ಹೆಚ್ಚುವುದೆಂಬ ಭರವಸೆಯೂ ಇಲ್ಲ. 1872ರಲ್ಲಿ ಆರಂಭವಾದ ‘ಪಾಪ್ಯುಲರ್ ಸೈನ್ಸ್’ ಪತ್ರಿಕೆಯು 2021ರಲ್ಲಿ ಕಾಗದವನ್ನು ಬಿಟ್ಟು ಪೂರ್ಣವಾಗಿ ಅಂಕೀಯವಾಯಿತು. 2023ರಲ್ಲಿ ಸಂಚಿಕೆಗಳ ಪ್ರಕಟಣೆಯೇ ನಿಂತಿತು.

ಹೀಗೆಂದು ಹೊಸದನ್ನು ಹಳಿಯುವುದೂ ಸಲ್ಲದು, ಹಳೆಯದನ್ನು ತೊರೆಯುವುದೂ ಸಲ್ಲದು. ತಾನು ಕಂಡುಕೊಂಡದ್ದನ್ನು ತನ್ನಲ್ಲೇ ಇಟ್ಟುಕೊಳ್ಳದೆ ಮುಂದಿನವನಿಗೆ ದಾಟಿಸುವುದೇ ಮ್ಯಾಕ್ಸಿಮರು ಕಟ್ಟಿದ ಸಂಘದ ಮೂಲ ತತ್ತ್ವ. ಕಾಗದವಾಗಲಿ ತೆರೆಯಾಗಲಿ ಆ ಕೆಲಸದ ವಾಹನ ಮಾತ್ರ. ಆದುದರಿಂದ ಯಾವುದೇ ಪತ್ರಿಕೆಯು ರೂಪವನ್ನು ಬದಲಿಸುವಾಗ ಕೇಳಬೇಕಾದ ಪ್ರಶ್ನೆಗಳು ಎರಡು: ಇಂದಿನ ಬಡ ವಿದ್ಯಾರ್ಥಿಗೂ ಅದು ಎಟುಕುವುದೇ? ಐವತ್ತು ವರ್ಷಗಳ ಅನಂತರ ಹುಟ್ಟುವವನಿಗೂ ಅದು ದೊರೆಯುವುದೇ? ಈ ಎರಡಕ್ಕೂ ಹೌದೆಂಬ ಉತ್ತರ ಬಂದಾಗಲೇ ‘ಎಲ್ಲರಿಗೂ ಕರೆ’ ಎಂಬ ಹೆಸರು ಸಾರ್ಥಕವಾಗುತ್ತದೆ.