ಮೆಲ್ಬರ್ನ್‌ನ ವಸಂತ: ಗಾಳಿಗೂ ಬೇಕು ಕಾವಲು

2016ರ ನವೆಂಬರ್ 21ರ ಸಂಜೆ ಮೆಲ್ಬರ್ನ್ ಮೇಲೆರಗಿದ ಗುಡುಗು-ಬಿರುಗಾಳಿಯು ರೈ ಹುಲ್ಲಿನ ಪರಾಗವನ್ನು ಸೂಕ್ಷ್ಮ ಕಣಗಳಾಗಿ ಒಡೆದು ನಗರದ ತುಂಬ ಹರಡಿತು. ಸಾವಿರಾರು ಜನರು ಉಸಿರಾಡಲಾಗದೆ ಆಸ್ಪತ್ರೆಗಳಿಗೆ ಧಾವಿಸಿದರು. 10 ಮಂದಿ ಅಸುನೀಗಿದರು. ಬಾಧಿತರಲ್ಲಿ ಭಾರತ, ಶ್ರೀಲಂಕಾ ಮೂಲದವರು ಜನಸಂಖ್ಯೆಯಲ್ಲಿನ ತಮ್ಮ ಪಾಲಿಗಿಂತ ಹೆಚ್ಚಿದ್ದರು. ಅನೇಕರಿಗೆ ಆಸ್ತಮಾದ ಇತಿಹಾಸವೇ ಇರಲಿಲ್ಲ. ವಸಂತದಲ್ಲಿ ಕಾಡುವ ಸೀನು, ನೆಗಡಿ, ಕಣ್ಣುರಿಯಷ್ಟೇ ಇತ್ತು.

ಆ ದುರಂತದ ತರುವಾಯ ವಿಕ್ಟೋರಿಯಾ ಸರ್ಕಾರವು ಪರಾಗದ ಎಣಿಕೆಯನ್ನೂ ಹವಾಮಾನವನ್ನೂ ಜೊತೆಗೂಡಿಸಿ, ಪ್ರತಿವರ್ಷ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮುನ್ಸೂಚನೆ ನೀಡುತ್ತಿದೆ. ಸಿಡ್ನಿಯಲ್ಲಿ ಪರಮಟ್ಟಾ, ಲಿವರ್‌ಪೂಲ್ ಮೊದಲಾದೆಡೆಯ ಮಾಪನ ಕೇಂದ್ರಗಳು ಗಾಳಿಯ ಗುಣಮಟ್ಟವನ್ನು ಗಂಟೆಗೊಮ್ಮೆ ಪ್ರಕಟಿಸುತ್ತವೆ. 2019–20ರ ಕಾಳ್ಗಿಚ್ಚಿನ ಹೊಗೆ ನಗರವನ್ನು ಮುಸುಕಿದಾಗ, ಹೃದ್ರೋಗಿಗಳೂ ಶ್ವಾಸರೋಗಿಗಳೂ ಹೊರಗೆ ಹೋಗಬೇಕೇ ಬೇಡವೇ ಎಂದು ನಿರ್ಧರಿಸಲು ಆ ಅಂಕಿಗಳೇ ಆಧಾರವಾದವು.

ಆದರೆ ಎಚ್ಚರಿಕೆಯು ಔಷಧವಲ್ಲ. ಇಲ್ಲಿ ಒಂದೆರಡು ವಸಂತ ಕಳೆದ ಮೇಲೆ ಸೀನು ಆರಂಭವಾದರೆ ಅದನ್ನು ಬರಿಯ ನೆಗಡಿಯೆಂದು ಕಡೆಗಣಿಸದೆ ಕುಟುಂಬ ವೈದ್ಯರನ್ನು ಕಾಣಬೇಕು. ಅಪಾಯದ ದಿನ ಗುಡುಗಿಗೆ ಮುನ್ನವೇ ಒಳಸೇರಿ ಕಿಟಕಿ ಮುಚ್ಚಬೇಕು. ಇನ್‌ಹೇಲರ್ ಕೈಗೆಟುಕುವಂತಿರಲಿ, ಉಸಿರು ಕಟ್ಟಿದರೆ ತಡಮಾಡದೆ 000ಕ್ಕೆ ಕರೆಮಾಡಿ.