ಚೆರಿ ಕಾಫಿಯನ್ನು ಮನೆಯಲ್ಲೇ ಒಣಗಿಸಿ ಕಾಯ್ದಿಡುವ ಬಗೆ



ಅರೇಬಿಕಾ ಕುಯ್ಲು ಮುಗಿಯುತ್ತಾ ಬಂದು ರೊಬಸ್ಟಾ ಹಣ್ಣು ಕೆಂಪೇರುವ ಈ ದಿನಗಳಲ್ಲಿ ಸದಸ್ಯರು ನಮ್ಮನ್ನು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. "ಚೆರಿಯನ್ನು ಈಗಲೇ ಮಾರುವುದೋ, ಮಳೆಗಾಲ ಕಳೆಯುವವರೆಗೆ ಇಟ್ಟುಕೊಳ್ಳುವುದೋ?" ಧಾರಣೆ ಮುಂದೆ ಏರುತ್ತದೋ ಇಳಿಯುತ್ತದೋ ಎಂಬುದನ್ನು ನಾವು ಹೇಳಲಾರೆವು. ಆದರೆ ಇಟ್ಟುಕೊಳ್ಳಲು ಬರುವಂಥ ಚೆರಿ ನಿಮ್ಮ ಮನೆಯಲ್ಲಿದೆಯೇ ಎಂಬ ಮರುಪ್ರಶ್ನೆಯನ್ನು ಕೇಳಬಲ್ಲೆವು. ಅನೇಕರಲ್ಲಿ ಅದು ಇರುವುದಿಲ್ಲ. ಆದ್ದರಿಂದಲೇ ಅವರು ಫೆಬ್ರವರಿ, ಮಾರ್ಚಿಯಲ್ಲಿ ಸಿಕ್ಕಿದ ಬೆಲೆಗೆ ಕೊಟ್ಟುಬಿಡುತ್ತಾರೆ.

ಹಿಂದೆ ಈ ತೊಂದರೆ ಇಷ್ಟಾಗಿ ಇರಲಿಲ್ಲ. 1942ರ ಕಾಫಿ ಕಾಯಿದೆಯಂತೆ ಬೆಳೆಗಾರನು ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸುತ್ತಿದ್ದನು. ಕಾಯ್ದಿಡುವ ಜವಾಬ್ದಾರಿ ಅಲ್ಲಿಗೆ ಅವನ ಹೆಗಲಿನಿಂದ ಇಳಿಯುತ್ತಿತ್ತು. ತೊಂಬತ್ತರ ದಶಕದಲ್ಲಿ ಪೂಲ್ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಮುಗಿಯಿತು. ಅಂದಿನಿಂದ ಯಾವಾಗ ಮಾರಬೇಕೆಂಬ ಸ್ವಾತಂತ್ರ್ಯ ನಮ್ಮದು, ಅಲ್ಲಿಯವರೆಗೆ ಕೆಡದಂತೆ ನೋಡಿಕೊಳ್ಳುವ ಕೆಲಸವೂ ನಮ್ಮದೇ. 2024ರಲ್ಲಿ ರೊಬಸ್ಟಾ ಚೆರಿಯ ಧಾರಣೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದಾಗ ಅದರ ಲಾಭ ಸಿಕ್ಕಿದ್ದು ಮನೆಯಲ್ಲಿ ಒಳ್ಳೆಯ ಮಾಲು ಉಳಿದಿದ್ದವರಿಗೆ.

ಇದನ್ನು ನಾವು ಪುಸ್ತಕ ಓದಿ ಹೇಳುತ್ತಿಲ್ಲ. ಒಂದು ವರ್ಷ ನಮ್ಮ ಮನೆಯಲ್ಲೇ ಮೋಡ ಕಂಡು ಹೆದರಿ, ಕಣದಲ್ಲಿದ್ದ ಚೆರಿಯನ್ನು ಒಂದೇ ಸಂಜೆ ಹನ್ನೊಂದು ಚೀಲಕ್ಕೆ ತುಂಬಿಸಿದೆವು. ಬೆಳಗಿನಿಂದ ಸಂಜೆವರೆಗೆ ಅದನ್ನು ಕೆದಕುತ್ತಿದ್ದವರು ನಮ್ಮ ತಾಯಿ. "ಇನ್ನೆರಡು ಬಿಸಿಲು ಬೇಕು ಕಣೋ, ಇದು ಇನ್ನೂ ಆಗಿಲ್ಲ" ಎಂದರು. ನಾವು ಕೇಳಲಿಲ್ಲ. ಮಳೆಯೇನೋ ಬರಲಿಲ್ಲ, ಎರಡು ಹನಿ ಬಿದ್ದು ಹೋಯಿತು. ಜೂನ್ ತಿಂಗಳಲ್ಲಿ ಕೋಣೆಯ ಬಾಗಿಲು ತೆಗೆದಾಗ ಹಳೆಯ ಬಾವಿಯ ವಾಸನೆ. ಗೋಡೆಗೆ ಒತ್ತಿದ್ದ ಚೀಲಗಳ ಚೆರಿ ಬಿಳಿ ಬೂಷ್ಟು ಹಿಡಿದು ಉಂಡೆಗಟ್ಟಿತ್ತು. ಕೊಂಡವನು ಹೇಳಿದ್ದೇ ಬೆಲೆಯಾಯಿತು. ಕಣ ಕಾಯುವ ಕೆಲಸ ಹೆಚ್ಚಿನ ಮನೆಗಳಲ್ಲಿ ಹೆಂಗಸರದು, ಚೀಲಕ್ಕೆ ತುಂಬುವ ತೀರ್ಮಾನ ಮಾತ್ರ ಗಂಡಸರದು. ಇದು ಸರಿಯಾದ ಕ್ರಮವೆಂದು ಆ ವರ್ಷದಿಂದ ನಮಗೆ ಅನ್ನಿಸಿಲ್ಲ.

ಗಿಡದಿಂದ ಬಿಡಿಸಿದ ಹಣ್ಣಿನಲ್ಲಿ ತೂಕದ ಸುಮಾರು ಶೇಕಡಾ 65 ಭಾಗ ನೀರೇ ಇರುತ್ತದೆ. ಅದನ್ನು ರೊಬಸ್ಟಾ ಚೆರಿಯಲ್ಲಿ ಶೇಕಡಾ 11ಕ್ಕೆ, ಅರೇಬಿಕಾ ಚೆರಿಯಲ್ಲಿ ಶೇಕಡಾ 12ಕ್ಕೆ ಇಳಿಸಬೇಕೆಂದು ಕಾಫಿ ಮಂಡಳಿ ಹೇಳುತ್ತದೆ. ಈ ನೀರನ್ನು ತೆಗೆಯುವುದು ಬಿಸಿಲು ಮಾತ್ರವೆಂದು ನಾವು ತಿಳಿದಿರುತ್ತೇವೆ. ನಿಜವಾಗಿ ಬಿಸಿಲು ನೀರನ್ನು ಮೇಲೆಬ್ಬಿಸುತ್ತದೆ, ಅದನ್ನು ಹೊತ್ತುಕೊಂಡು ಹೋಗುವುದು ಗಾಳಿ. ಗಾಳಿಯೇ ತೇವದಿಂದ ತುಂಬಿದ್ದರೆ ಬಿಸಿಲಿದ್ದರೂ ಒಣಗುವುದು ನಿಧಾನ. ಇದೇ ತಿಂಗಳುಗಳಲ್ಲಿ ರಾಯಚೂರು ಸೀಮೆಗೆ, ಕಲ್ಲೂರು, ಮಾನ್ವಿ, ದೇವದುರ್ಗದ ಕಡೆಗೆ ಹೋದವರು ಅಲ್ಲಿಯ ರೈತರು ಕೆಂಪು ಮೆಣಸಿನಕಾಯಿಯನ್ನು ಕಣದಲ್ಲಿ ಹರಡಿರುವುದನ್ನು ನೋಡಿರಬಹುದು. ವರ್ಷಕ್ಕೆ ಆರೇಳು ನೂರು ಮಿಲಿಮೀಟರ್ ಮಳೆ ಬೀಳುವ ಆ ಸೀಮೆಯ ಗಾಳಿ ಬಟ್ಟೆಯಂತೆ ನೀರನ್ನು ಹೀರುತ್ತದೆ. ನಮ್ಮ ಮಲೆನಾಡಿನಲ್ಲಿ ಬೆಳಗಿನ ಹತ್ತು ಗಂಟೆಯವರೆಗೆ ಮಂಜು, ಸಂಜೆ ಐದಕ್ಕೇ ತಂಪು, ಸುತ್ತಲೂ ಮರದ ನೆರಳು. ಹಾಗಾಗಿ ಅವರು ಬೇಸಾಯದಲ್ಲಿ ನೀರಿಗಾಗಿ ಪಡುವ ಪಾಡನ್ನು ನಾವು ಒಣಗಿಸುವಾಗ ಬಿಸಿಲಿಗಾಗಿ ಪಡಬೇಕು. ಸಿಕ್ಕ ಆರು ಗಂಟೆಯ ಒಣಹವೆಯಲ್ಲಿ ಒಂದು ಗಂಟೆಯೂ ದಂಡವಾಗಬಾರದು.

ಬಿಡಿಸಿದ ಹಣ್ಣನ್ನು ಅದೇ ದಿನ ಹರಡತಕ್ಕದ್ದು. ರಾತ್ರಿ ಚೀಲದಲ್ಲೇ ಬಿಟ್ಟರೆ ಒಳಗೆ ಬಿಸಿಯೇರಿ ಹುಳಿಯುತ್ತದೆ. ಆ ಹುಳಿವಾಸನೆ ಆಮೇಲೆ ಎಷ್ಟು ಒಣಗಿಸಿದರೂ ಹೋಗುವುದಿಲ್ಲ. ಹಸಿರು ಕಾಯಿ, ಗಿಡದಲ್ಲೇ ಒಣಗಿದ ಹಣ್ಣು, ಎಲೆ, ಕಡ್ಡಿ ಇವನ್ನು ಆರಿಸಿ ಬೇರೆ ಮಾಡಬೇಕು. ಬೇರೆ ಬೇರೆ ಹದದ ಹಣ್ಣು ಒಟ್ಟಿಗೆ ಒಣಗುವುದಿಲ್ಲ. ಹರವು ಮೂರು ಅಂಗುಲಕ್ಕಿಂತ ದಪ್ಪವಿರಬಾರದು. ಸಿಮೆಂಟಿನ ಕಣವಿದ್ದರೆ ಉತ್ತಮ. ಇಲ್ಲದವರು ಗಟ್ಟಿ ಟಾರ್ಪಾಲಿನ ಮೇಲೆ ಹರಡಲಿ. ಬರಿಯ ಮಣ್ಣಿನ ಅಂಗಳದಲ್ಲಿ ನೆಲದ ತೇವವೂ ವಾಸನೆಯೂ ಹಣ್ಣಿಗೆ ಹತ್ತುತ್ತವೆ. ಗಂಟೆಗೊಮ್ಮೆ ಸಾಲು ಸಾಲಾಗಿ ಎಳೆದು, ಸಾಲುಗಳ ನಡುವಿನ ನೆಲ ಕಾಯುವಂತೆ ಮಾಡಿ, ಮತ್ತೆ ಆ ಕಾದ ನೆಲಕ್ಕೆ ಹಣ್ಣನ್ನು ಎಳೆಯಬೇಕು. ಸಂಜೆ ಬಿಸಿಲು ಇಳಿಯುವ ಮೊದಲೇ ರಾಶಿ ಮಾಡಿ ಮುಚ್ಚಬೇಕು, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ತೆರೆಯಬೇಕು. ಒಳ್ಳೆಯ ಬಿಸಿಲಿದ್ದರೆ 12ರಿಂದ 15 ದಿನದ ಕೆಲಸ. 2021ರ ಜನವರಿಯಲ್ಲಿ ಕೊಡಗು, ಹಾಸನ, ಚಿಕ್ಕಮಗಳೂರಿನಲ್ಲಿ ಸುರಿದಂಥ ಅಕಾಲ ಮಳೆ ಬಂದರೆ ಲೆಕ್ಕ ತಪ್ಪುತ್ತದೆ. ಅಂಥ ದಿನಗಳಲ್ಲಿ ಮುಚ್ಚಿಟ್ಟು ಕಾಯುವುದಕ್ಕಿಂತ ಜಗಲಿಯಲ್ಲಾದರೂ ತೆಳ್ಳಗೆ ಹರಡಿ ಕೈಯಾಡಿಸುತ್ತಿರುವುದು ವಾಸಿ.

ಇನ್ನು ನಾವು ಮೋಸ ಹೋಗುವ ಘಟ್ಟ. ಐದಾರು ದಿನದಲ್ಲಿ ಹಣ್ಣಿನ ಸಿಪ್ಪೆ ಕಪ್ಪಗಾಗಿ ಸುಕ್ಕುಗಟ್ಟುತ್ತದೆ. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಆದರೆ ಸಿಪ್ಪೆಯ ಒಳಗಿನ ಲೋಳೆ ಆರಿರುವುದಿಲ್ಲ, ಬೀಜ ಮೆತ್ತಗಿರುತ್ತದೆ. ಬೂಷ್ಟಿಗೆ ಇದಕ್ಕಿಂತ ಪ್ರಶಸ್ತವಾದ ಸಮಯವಿಲ್ಲ. ತೀರ ಹಸಿಯಾದ ಹಣ್ಣಿನಲ್ಲಿ ಬೇರೆ ಸೂಕ್ಷ್ಮಜೀವಿಗಳ ಪೈಪೋಟಿ, ಪೂರ್ಣ ಒಣಗಿದ್ದರಲ್ಲಿ ನೀರಿಲ್ಲ. ಅರೆ ಒಣಗಿದ್ದರಲ್ಲಿ ಮಾತ್ರ ಬೂಷ್ಟಿನದೇ ರಾಜ್ಯ. ಕೆಲವು ಜಾತಿಯ ಬೂಷ್ಟು ಓಕ್ರಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಅದು ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ನಮ್ಮ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ಯೂರೋಪಿನ ದೇಶಗಳು 2005ರಲ್ಲಿ ಹುರಿದ ಕಾಫಿಯಲ್ಲಿ ಇದಕ್ಕೆ ಕಿಲೋವಿಗೆ 5 ಮೈಕ್ರೋಗ್ರಾಂ ಮಿತಿ ಹಾಕಿದವು, 2023ರಿಂದ ಅದನ್ನು 3ಕ್ಕೆ ಇಳಿಸಿವೆ. ಕಣದಲ್ಲಿ ಆದ ತಪ್ಪು ಅಷ್ಟು ದೂರ ಹೋಗಿ ಪತ್ತೆಯಾಗುತ್ತದೆ. ಕಾಯಿಕೊರಕನ ಮಾತೂ ಇದೇ. 1990ರಲ್ಲಿ ಗೂಡಲೂರಿನ ಕಡೆ ಮೊದಲು ಕಂಡ ಈ ಕೀಟ, ಸರಿಯಾಗಿ ಒಣಗದ ಚೆರಿಯಲ್ಲಿ ಚೀಲದೊಳಗೂ ಸಂತಾನ ಬೆಳೆಸಿ ಮುಂದಿನ ಬೆಳೆಗೆ ತೋಟಕ್ಕೆ ಮರಳುತ್ತದೆ.

ಹಾಗಾದರೆ ಆಯಿತೆಂದು ತಿಳಿಯುವುದು ಹೇಗೆ? ತೇವಾಂಶ ಅಳೆಯುವ ಯಂತ್ರ ಎಲ್ಲರ ಮನೆಯಲ್ಲಿ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಹಿಡಿ ಚೆರಿಯನ್ನು ಕಿವಿಯ ಬಳಿ ಅಲುಗಾಡಿಸಿದರೆ ಬೀಜ ಗಲಗಲ ಎನ್ನಬೇಕು. ಆದರೆ ಈ ಪರೀಕ್ಷೆಯನ್ನು ಮಧ್ಯಾಹ್ನ ಮಾಡಬೇಡಿ, ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲವೂ ಗಲಗಲ ಎನ್ನುತ್ತದೆ. ರಾತ್ರಿ ರಾಶಿಯಲ್ಲಿದ್ದಾಗ ಒಳಗಿನ ತೇವ ಸಿಪ್ಪೆಗೆ ಬರುತ್ತದೆ. ಬೆಳಿಗ್ಗೆ ಮುಚ್ಚಿಗೆ ತೆಗೆದೊಡನೆ ರಾಶಿಯ ನಡುವಿನಿಂದ ತೆಗೆದು ಅಲುಗಾಡಿಸಿ. ಸದ್ದು ಮಂದವಾಗಿದ್ದರೆ ಇನ್ನೂ ಬಿಸಿಲು ಬೇಕು. ಬೀಜ ಬಿಡಿಸಿ ಕಚ್ಚಿದಾಗ ಹಲ್ಲಿನ ಗುರುತು ಬಿದ್ದರೂ ಅಷ್ಟೇ.

ಇದಕ್ಕಿಂತ ನಂಬಿಕೆಯ ಪರೀಕ್ಷೆ ತೂಕದ್ದು. ಒಂದು ಡಬ್ಬವನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಕಣದ ನಾಲ್ಕಾರು ಕಡೆಯಿಂದ ಚೆರಿ ತೆಗೆದು ಡಬ್ಬ ತುಂಬಿ, ಮೇಲೆ ಕೋಲೆಳೆದು ಸಮ ಮಾಡಿ ತೂಗಿ, ಗೋಡೆಯ ಮೇಲೆ ಬರೆದಿಡಿ. ಮರುದಿನ ಅದೇ ಹೊತ್ತಿಗೆ ಅದೇ ಡಬ್ಬದಲ್ಲಿ ಮತ್ತೆ ತೂಗಿ. ತೂಕ ಇಳಿಯುತ್ತಿದ್ದರೆ ನೀರು ಇನ್ನೂ ಹೋಗುತ್ತಿದೆ ಎಂದರ್ಥ. ಬಿಸಿಲು ಚೆನ್ನಾಗಿದ್ದೂ ಎರಡು ದಿನ ಒಂದೇ ತೂಕ ನಿಂತರೆ ಚೀಲ ತರಬಹುದು. ಮೋಡದ ದಿನ ತೂಕ ನಿಂತದ್ದನ್ನು ಲೆಕ್ಕಕ್ಕೆ ಹಿಡಿಯಬಾರದು.

ತೂಕದ ಮಾತು ಬಂದಾಗ ಕೆಲವರು ನಗುತ್ತಾ ಹೇಳುವುದುಂಟು, "ಪೂರ್ತಿ ಒಣಗಿಸಿ ತೂಕ ಕಳೆದುಕೊಳ್ಳುವುದು ಯಾಕೆ?" ಎಂದು. ಲೆಕ್ಕ ಹಾಕೋಣ. ಶೇಕಡಾ 16 ತೇವವಿರುವ 50 ಕಿಲೋ ಚೀಲವನ್ನು 11ಕ್ಕೆ ಒಣಗಿಸಿದರೆ 47 ಕಿಲೋವಿಗೆ ಬರುತ್ತದೆ. ಮೂರು ಕಿಲೋ ಹೋಯಿತು, ಸುಳ್ಳಲ್ಲ. ಆದರೆ ಕೊಳ್ಳುವವನು ಚೆರಿಯನ್ನು ಔಟ್‌ಟರ್ನ್ ನೋಡಿ, ಎಂದರೆ 50 ಕಿಲೋ ಚೀಲದಿಂದ ಎಷ್ಟು ಕಿಲೋ ಬೀಜ ಬರುತ್ತದೆಂದು ನೋಡಿ ಬೆಲೆ ಕಟ್ಟುತ್ತಾನೆ, ತೇವವನ್ನೂ ಅಳೆದು ಕಡಿಯುತ್ತಾನೆ. ಉಳಿಯಿತೆಂದುಕೊಂಡ ಮೂರು ಕಿಲೋ ಅವನ ತಕ್ಕಡಿಯಲ್ಲಿ ಮರಳಿ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಸಿ ಮಾಲಿನವನು ಚೌಕಾಸಿ ಮಾಡಲಾರ, ಅವನಿಗೆ ಕಾಯುವ ದಾರಿಯಿಲ್ಲ ಎಂಬುದು ಎದುರಿನವನಿಗೆ ಗೊತ್ತಿರುತ್ತದೆ. ಅತಿಯಾಗಿ ಒಣಗಿಸುವುದೂ ನಷ್ಟವೇ. ಬೀಜ ಪುಡಿಪುಡಿಯಾಗುವಷ್ಟು ಒಣಗಿದರೆ ಗಿರಣಿಯಲ್ಲಿ ಒಡೆಯುತ್ತದೆ.

ಕಾಳುಮೆಣಸಿಗೂ ಚಾಲಿ ಅಡಿಕೆಗೂ ತತ್ವ ಇದೇ. ಮೆಣಸನ್ನು ಬಿಡಿಸಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಬೇಗ ಒಣಗುತ್ತದೆ, ಬಣ್ಣವೂ ಒಂದೇ ಸಮ ಕಪ್ಪಾಗುತ್ತದೆ. ನೂರು ಕಿಲೋ ಹಸಿಗೆ ಮೂವತ್ತಮೂರು ಕಿಲೋ ಆಸುಪಾಸು ಬಂದರೆ ಸರಿ. ಚಾಲಿಗೆ ಸುಮಾರು ನಲವತ್ತು ದಿನದ ಬಿಸಿಲು ಬೇಕು. ಆತುರಪಟ್ಟು ಸುಲಿದರೆ ಒಳಗೆ ಬೂಷ್ಟು ಹಿಡಿದು ಕೆಳದರ್ಜೆಗೆ ಹೋಗುತ್ತದೆ. ಸರಿಯಾಗಿ ಒಣಗಿ ವರ್ಷ ಕಳೆದ ಹಳೆ ಚಾಲಿಗೆ ಹೊಸದಕ್ಕಿಂತ ಹೆಚ್ಚು ಬೆಲೆಯೆಂಬುದು ಅಡಿಕೆ ಬೆಳೆಯುವವರಿಗೆ ನಾವು ಹೇಳಬೇಕಾದ ಸಂಗತಿಯಲ್ಲ.

ಚೀಲ ತುಂಬುವ ಮೊದಲು ಚೆರಿ ತಣ್ಣಗಾಗಲಿ, ಬಿಸಿಯಿದ್ದಾಗ ತುಂಬಿದರೆ ಒಳಗೇ ಬೆವರುತ್ತದೆ. ಶುದ್ಧ ಗೋಣಿಚೀಲವೇ ಆಗಬೇಕು. ಯೂರಿಯಾ ಬಂದ ಚೀಲವನ್ನು ತೊಳೆದು ತುಂಬುವ ಅಭ್ಯಾಸ ನಮ್ಮಲ್ಲಿದೆ, ದಯವಿಟ್ಟು ಬಿಡಿ. ಚೀಲಗಳನ್ನು ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರದಲ್ಲಿ ಜೋಡಿಸಿ. ಗೊಬ್ಬರ, ಔಷಧಿ, ಸೀಮೆಎಣ್ಣೆ, ಹಸಿ ಸೌದೆ ಆ ಕೋಣೆಯಲ್ಲಿ ಬೇಡ. ಈಗ ಗಾಳಿಯಾಡದ ಪ್ಲಾಸ್ಟಿಕ್ ಒಳಚೀಲಗಳು ಬಂದಿವೆ. ಹದವಾಗಿ ಒಣಗಿದ ಮಾಲಿಗೆ ಅವು ಬಹಳ ಒಳ್ಳೆಯವು. ಅರೆ ಒಣಗಿದ್ದನ್ನು ತುಂಬಿದರೆ ಮಾತ್ರ ನೀರನ್ನೂ ಒಳಗೇ ಕಟ್ಟಿಟ್ಟಂತೆ.

ಮಳೆಗಾಲದ ಗಾಳಿ ಒಣಗಿದ ಬೀಜಕ್ಕೆ ಏನು ಮಾಡುತ್ತದೆಂದು ತಿಳಿಯಲು ಮಂಗಳೂರಿನ ಮಾನ್ಸೂನ್ಡ್ ಕಾಫಿಯನ್ನು ನೋಡಿದರೆ ಸಾಕು. ಅಲ್ಲಿ ಬೀಜವನ್ನು ಬೇಕೆಂದೇ ಜೂನಿನಿಂದ ಗೋದಾಮಿನಲ್ಲಿ ಕಡಲ ಗಾಳಿಗೆ ಹರಡುತ್ತಾರೆ. ಅದು ತೇವ ಹೀರಿ, ಉಬ್ಬಿ, ಬೆಳ್ಳಗಾಗುತ್ತದೆ. ಅವರು ಕೈಯಾಡಿಸುತ್ತಾ ಬೂಷ್ಟು ಬಾರದಂತೆ ಕಾಯುತ್ತಾರೆ. ನಮ್ಮ ಕೋಣೆಯಲ್ಲಿ ಹಾಗೆ ಕಾಯುವವರಿಲ್ಲ. ಆದ್ದರಿಂದ ಮಳೆ ಹಿಡಿದ ದಿನ ಕಿಟಕಿ ಮುಚ್ಚಿ, ಹೊಳವಾದ ದಿನ ಎರಡು ಗಂಟೆ ತೆರೆಯಿರಿ. ತಿಂಗಳಿಗೊಮ್ಮೆ ಕೆಳಸಾಲಿನ ಒಂದು ಚೀಲದ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ತೂರಿಸಿ ನೋಡಿ. ಒಳಗೆ ಬೆಚ್ಚಗೆ ಅನ್ನಿಸಿದರೆ ಅಥವಾ ಮಣ್ಣಿನ ವಾಸನೆ ಬಂದರೆ ಆ ಸಾಲನ್ನು ಅಂದೇ ಹೊರಗೆ ತೆಗೆದು ಹರಡಬೇಕು. ಬಿಸಿಲಿಲ್ಲದಿದ್ದರೆ ಅಡುಗೆಮನೆಯ ಅಟ್ಟದ ಮೇಲಾದರೂ ಆಗಬಹುದು, ಹೊಗೆ ತಾಗದಂತೆ ನೋಡಿಕೊಳ್ಳಿ.