ಹೆಸರು ಮರೆಸಿ ಆಡಿದ ಮೇಷ್ಟ್ರು

ಕವಿಗೆ ಕಾವ್ಯನಾಮವಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಕ್ರಿಕೆಟ್ ಆಟಗಾರನಿಗೆ ಅದೇಕೆ?

ನಿಕೊಲಸ್ ವಾನೊಸ್ಟ್ರಾಕ್ಟ್‌ಗೆ ಬೇಕಿತ್ತು. 1804ರಲ್ಲಿ ಹುಟ್ಟಿದ ಆತ, ತಂದೆ ತೀರಿಕೊಂಡಾಗ ಎಳೆಯ ವಯಸ್ಸಿನಲ್ಲೇ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿದ್ದ ಮನೆತನದ ಶಾಲೆಯ ಹೊಣೆ ಹೊತ್ತ. ಶಾಲೆ ನಡೆಯಬೇಕಾದದ್ದು ಹುಡುಗರ ಶುಲ್ಕದಿಂದ. ಮುಖ್ಯೋಪಾಧ್ಯಾಯರು ದಿನವಿಡೀ ಬ್ಯಾಟು ಹಿಡಿದು ನಿಲ್ಲುತ್ತಾರೆಂದು ತಿಳಿದರೆ ಪೋಷಕರು ಏನೆಂದಾರು? ಕ್ರಿಕೆಟ್ಟಿಗೆ ಆಗಿನ್ನೂ ಬಾಜಿ ಕಟ್ಟುವವರ ಸಹವಾಸ ಬಿಟ್ಟಿರಲಿಲ್ಲ. ಹಾಗಾಗಿ ಮೈದಾನದಲ್ಲಿ ಆತ 'ಫೀಲಿಕ್ಸ್' ಆದ. ಲ್ಯಾಟಿನ್‌ನಲ್ಲಿ ಅದಕ್ಕೆ ಅದೃಷ್ಟಶಾಲಿ ಎಂದರ್ಥ. ಸ್ಕೋರುಪಟ್ಟಿಗಳಲ್ಲಿ ಉಳಿದದ್ದೂ ಆ ಹೆಸರೇ.

ಕೌಂಟಿ ಚಾಂಪಿಯನ್‌ಶಿಪ್ ಅಧಿಕೃತವಾದದ್ದು 1890ರಲ್ಲಿ. ಅದಕ್ಕೂ ಅರ್ಧ ಶತಮಾನ ಮೊದಲೇ ಕೆಂಟ್ ತಂಡವೆಂದರೆ ಉಳಿದವರಿಗೆ ನಡುಕ. ಅಲ್ಲಿ ಫುಲ್ಲರ್ ಪಿಲ್ಚ್ ಸಂಬಳಕ್ಕೆ ಆಡುವ ವೃತ್ತಿಪರ, ಫೀಲಿಕ್ಸ್ 'ಜಂಟಲ್‌ಮನ್'. ಒಂದೇ ತಂಡ, ಎರಡು ಅಂತಸ್ತು. ಎಡಗೈ ಆಟಗಾರ ಫೀಲಿಕ್ಸ್ ಆಫ್ ಸೈಡಿಗೆ ಬಾರಿಸುತ್ತಿದ್ದ ಕಟ್ ನೋಡುವುದಕ್ಕೇ ಜನ ಬರುತ್ತಿದ್ದರಂತೆ.

ಆದರೆ ಅಂದಿನ ಪಿಚ್ಚುಗಳಲ್ಲಿ ಸೊಗಸಿಗೆ ರಕ್ಷಣೆ ಇರಲಿಲ್ಲ. 1835ರಲ್ಲಿ ಭುಜದೆತ್ತರಕ್ಕೆ ಕೈಯೆತ್ತಿ ಎಸೆಯಲು ನಿಯಮ ಒಪ್ಪಿಗೆ ನೀಡಿತು. ಚೆಂಡು ಬೆರಳಿಗೆ ಬಡಿಯತೊಡಗಿತು. ಫೀಲಿಕ್ಸ್ ರಬ್ಬರಿನ ಕೊಳವೆಗಳನ್ನು ಹೊಲಿದ ಕೈಗವಸು ರೂಪಿಸಿದ. ಅಭ್ಯಾಸಕ್ಕೆಂದು ಚೆಂಡೆಸೆಯುವ 'ಕ್ಯಾಟಪಲ್ಟಾ' ಯಂತ್ರವನ್ನೂ ಕಟ್ಟಿದ. ಕೋಟೆಗಳ ಮೇಲೆ ಕಲ್ಲೆಸೆಯುತ್ತಿದ್ದ ಪ್ರಾಚೀನ ಯಂತ್ರದ ಮರಿ ಅದು. ಇಂದಿನ ಬೌಲಿಂಗ್ ಯಂತ್ರಕ್ಕೆ ಮುತ್ತಜ್ಜನೆನ್ನಬಹುದು. 1845ರಲ್ಲಿ 'ಫೀಲಿಕ್ಸ್ ಆನ್ ದಿ ಬ್ಯಾಟ್' ಪುಸ್ತಕ ಬಂತು. ಅದರ ಹೊಡೆತಗಳ ಚಿತ್ರಗಳು, ಮುಂದೆ ಹೆಸರಾಂತ ಕಲಾವಿದನಾದ ಜಿ.ಎಫ್. ವಾಟ್ಸ್‌ನ ಕೈಕೆಲಸ.

ಅದೃಷ್ಟಶಾಲಿಯ ಅದೃಷ್ಟ 1846ರಲ್ಲಿ ಕೈಕೊಟ್ಟಿತು. ಲಾರ್ಡ್ಸ್‌ನಲ್ಲಿ ಸಿಂಗಲ್ ವಿಕೆಟ್ ಪಂದ್ಯ. ಎದುರಾಳಿ ಕೆಂಟ್‌ನ ಜೊತೆಗಾರನೇ ಆದ ದೈತ್ಯದೇಹಿ ಆಲ್ಫ್ರೆಡ್ ಮಿನ್. ವಿಕೆಟ್ಟಿನ ಹಿಂದಕ್ಕೆ ಹೋದ ಹೊಡೆತಕ್ಕೆ ಅಲ್ಲಿ ರನ್ ಇಲ್ಲ. ಕಟ್ ಮಾಡಿಯೇ ಬಾಳಿದವನ ಗತಿ? ಎರಡನೇ ಸರದಿಯಲ್ಲಿ 240ಕ್ಕೂ ಹೆಚ್ಚು ಎಸೆತ ಎದುರಿಸಿ ಫೀಲಿಕ್ಸ್ ಗಳಿಸಿದ್ದು ಬರೀ ಮೂರು ರನ್. ಸೋತರೂ ಬೇಗ ಔಟಾಗಲಿಲ್ಲ ಎಂಬುದೇ ದೊಡ್ಡ ಮಾತು.

ಅದೇ ವರ್ಷ ವಿಲಿಯಂ ಕ್ಲಾರ್ಕ್ ಕಟ್ಟಿದ ಆಲ್ ಇಂಗ್ಲೆಂಡ್ ಇಲೆವೆನ್ ಸೇರಿ ಮೇಷ್ಟ್ರು ಊರೂರು ಸುತ್ತಿದರು. ಮರುವರ್ಷ ಆ ತಂಡದ ಜಲವರ್ಣ ಚಿತ್ರ ಬರೆದಾಗ ತನ್ನನ್ನೂ ಅದರಲ್ಲಿ ನಿಲ್ಲಿಸಿಕೊಂಡ. 1854ರಲ್ಲಿ ಪಾರ್ಶ್ವವಾಯು ಬಡಿದು ಬ್ಯಾಟು ಕೈಜಾರಿತು. 1876ರಲ್ಲಿ ಡಾರ್ಸೆಟ್‌ನ ವಿಂಬೋರ್ನ್‌ನಲ್ಲಿ ಕೊನೆಯುಸಿರೆಳೆದ.